ನಿಮ್ಮೂರು ಯಾವುದವ್ವ?

ಅರ್ಪಿತಳಿಗೂ ಲೆಕ್ಕಕ್ಕೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಎಸ್ಸೆಸ್ಸೆಲ್ಸಿಯಲ್ಲಿ ಅದೊಂದು ವಿಷಯದಲ್ಲಿ ಮಗಳು ದಡ ಹತ್ತಿದ್ದೇ ದೊಡ್ಡದು ಎಂದು ಕ್ಯಾತನಹಳ್ಳಿಯ ಅವಳ ಅಪ್ಪ ಬೋರಯ್ಯ ಈಗಲೂ ಹೇಳಿಕೊಂಡು ನಗುತ್ತಾನೆ. ಅವಳು ನರ್ಸಿಂಗ್ ಸೇರಿದ್ದಕ್ಕೆ ಅದೂ ಒಂದು ಕಾರಣ. ಸೂಜಿ ಚುಚ್ಚಲು, ಬಿ.ಪಿ. ನೋಡಲು ಯಾವ ಸೂತ್ರ ಬೇಕು ಎಂದುಕೊಂಡಿದ್ದಳು. ಎಂ.ಎಸ್ಸಿ.ಗೆ ಬಂದ ಮೇಲೆ ನೋಡಿದರೆ ಲೆಕ್ಕ ಅಲ್ಲೇ ಬಾಗಿಲಲ್ಲಿ ಕಾಲು ಚಾಚಿ ಕೂತಿತ್ತು. ಪ್ರಬಂಧ ಬರೆಯದೆ ಡಿಗ್ರಿ ಇಲ್ಲ. ಪ್ರಬಂಧದಲ್ಲಿ ಬರೀ ಶೇಕಡಾವಾರು ಹಾಕಿದರೆ ಯಾರೂ ಮೂಸುವುದಿಲ್ಲ. ಹತ್ತು ಕಾರಣಗಳನ್ನು ಒಟ್ಟಿಗೆ ಎದುರಿಟ್ಟುಕೊಂಡು, ಯಾವುದರ ಕೈವಾಡ ಎಷ್ಟು ಎಂದು ಬಿಡಿಸಿ ಹೇಳುವ ಬಹುಚರ ವಿಶ್ಲೇಷಣೆ ಆಗಬೇಕು.

ಅವಳ ವಿಷಯ ಮೊದಲ ಹೆರಿಗೆಯ ಹೆಂಗಸರ ರಕ್ತಹೀನತೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲೂಕುಗಳ ಆಸ್ಪತ್ರೆಗಳಲ್ಲಿ ಲಸಿಕೆಯ ದಿನ ಹೋಗಿ ಕೂತು, ಎಳೆಗೂಸುಗಳನ್ನು ಎತ್ತಿಕೊಂಡು ಬಂದ ತಾಯಂದಿರನ್ನು ಮಾತಾಡಿಸಿದ್ದಳು. ಕೊನೆಯ ತಿಂಗಳಲ್ಲಿ ರಕ್ತ ಎಷ್ಟಿತ್ತು ಎನ್ನುವುದು ತಾಯಿ ಕಾರ್ಡಿನಲ್ಲೇ ಇರುತ್ತಿತ್ತು. ಮಿಕ್ಕಿದ್ದು ಕೇಳಿ ಬರೆದುಕೊಂಡದ್ದು: ವಯಸ್ಸು, ಓದು, ಊಟ, ಕೊಟ್ಟ ಮಾತ್ರೆ ನುಂಗಿದರೋ ಹಿತ್ತಿಲಿಗೆ ಎಸೆದರೋ, ಮತ್ತು ಊರು.

ಈ ಊರಿನ ಪ್ರಶ್ನೆಯ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೇ ಇತ್ತು. ಕಾಲೇಜಿನಲ್ಲಿ ಒಪ್ಪಿಗೆಯಾದ ಪ್ರಶ್ನಾವಳಿಯಲ್ಲಿ ‘ಖಾಯಂ ವಾಸಸ್ಥಳ’ ಎಂದಿತ್ತು. ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನ ಆಸ್ಪತ್ರೆಯಲ್ಲಿ ಮೊದಲ ದಿನ ಹಾಗೇ ಓದಿದಾಗ ಎದುರಿಗಿದ್ದ ಹುಡುಗಿ, ಏನೋ ಬ್ಯಾಂಕಿನವರು ಬಂದಿದ್ದಾರೆ ಎನ್ನುವ ಹಾಗೆ ಕೂಸನ್ನು ಅವಚಿಕೊಂಡು ಹಿಂದೆ ಸರಿದಿದ್ದಳು. ಅರ್ಪಿತ ಪೆನ್ನು ತೆಗೆದು ಅದನ್ನು ಹೊಡೆದು ಹಾಕಿ, ನಮ್ಮ ಕಡೆಯವರು ಕೇಳುವಂತೆಯೇ ಕೇಳಿದಳು: “ನಿಮ್ಮೂರು ಯಾವ್ದವ್ವಾ?” ಹುಡುಗಿ ನಕ್ಕು ತಟ್ಟನೆ ಹೇಳಿದಳು. ಆಮೇಲೆ ನಾಲ್ಕೂ ತಾಲೂಕುಗಳಲ್ಲಿ ಅದೇ ಪ್ರಶ್ನೆ. ಯಾರೊಬ್ಬರೂ ತಡವರಿಸಲಿಲ್ಲ.

ಅಂಕಿಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಅವಳನ್ನು ಕೈಹಿಡಿದು ನಡೆಸಿದವನು ಸಂಖ್ಯಾಶಾಸ್ತ್ರದ ಮೇಷ್ಟ್ರು ರವೀಂದ್ರ. ಶ್ರೀರಂಗಪಟ್ಟಣದ ಆಚೆಗಿರುವ ಗೌರಾಂಬಿಕಾ ನರ್ಸಿಂಗ್ ಕಾಲೇಜಿನಲ್ಲಿ ವಾರಕ್ಕೆರಡು ದಿನ ಪಾಠ ಹೇಳಲು ಬರುತ್ತಿದ್ದ. ಆಲೆಮನೆಯ ಮನೆತನದವನು, ಉದಾಹರಣೆ ಬೇಕೆಂದರೆ ಬೆಲ್ಲ ಬಿಟ್ಟು ಬೇರೆ ಹೊಳೆಯುತ್ತಿರಲಿಲ್ಲ.

“ನೋಡವ್ವ, ಬೆಲ್ಲ ಕಪ್ಪಾಯ್ತು ಅಂತಿಟ್ಕೊ. ಮಣ್ಣಿಂದ ಆಯ್ತೋ, ಕಬ್ಬಿನ ತಳಿಯಿಂದ ಆಯ್ತೋ, ಒಲೆ ಉರಿಯಿಂದ ಆಯ್ತೋ? ಮೂರೂ ಒಟ್ಟಿಗೇ ಓಡಾಡ್ತಿದ್ರೆ ಎಂಗೆ ಹೇಳ್ತೀಯ? ಎಲ್ಡನ್ನ ಕಟ್ಟಾಕು. ಒಂದನ್ನ ಮಾತ್ರ ಬುಡು. ಅದು ಎಷ್ಟು ದೂರ ಓಡ್ತದೆ ನೋಡು. ಅಷ್ಟೇ ಕಣವ್ವ ರಿಗ್ರೆಷನ್ನು.”

ಪುಸ್ತಕ ಇದನ್ನೇ ‘ಉಳಿದ ಚರಗಳನ್ನು ಸ್ಥಿರವಾಗಿರಿಸಿದಾಗ’ ಎನ್ನುತ್ತದೆ. ಅರ್ಪಿತಳಿಗೆ ಮೇಷ್ಟ್ರ ಮಾತೇ ತಲೆಗೆ ಹತ್ತಿತು. ಗಂಡನ ಊರು ಮಾಕವಳ್ಳಿಗೆ ಹೋಗುವ ಬಸ್ಸಿನಲ್ಲಿ ಕೂತು ಅದನ್ನೇ ಮೆಲುಕು ಹಾಕುವಾಗ ಅವಳಿಗೆ ನಗು ಬಂದಿತ್ತು. ಅತ್ತೆ ಮನೆಯಲ್ಲಿ ಲೆಕ್ಕ ತಲೆಕೆಳಗು. ಉಳಿದವರೆಲ್ಲ ಬಿಡುಬೀಸಾಗಿ ಓಡಾಡಿಕೊಂಡಿರುತ್ತಾರೆ, ಕಟ್ಟಿಹಾಕಿರುವುದು ಒಬ್ಬಳನ್ನೇ.

ಹಾಗೆಂದು ಅವಳ ಅತ್ತೆ ಚಿಕ್ಕಬೋರಮ್ಮ ರಾಕ್ಷಸಿಯೇನಲ್ಲ. ಗಂಡ ಸಂತೋಷ್ ಕೂಡ ಕೈ ಎತ್ತುವವನಲ್ಲ, ಕುಡಿಯುವವನಲ್ಲ. ಮಾಕವಳ್ಳಿಯಲ್ಲಿ ಕಬ್ಬಿನ ಗದ್ದೆ, ಕೊಟ್ಟಿಗೆ ತುಂಬ ಸೀಮೆಹಸು, ಡೇರಿಗೆ ಎರಡು ಹೊತ್ತು ಹಾಲು. ಮದುವೆಯ ಮಾತಿನಲ್ಲೇ ಬೋರಯ್ಯ, ಮಗಳು ಎಂ.ಎಸ್ಸಿ. ಮುಗಿಸಬೇಕು ಎಂದು ಹೇಳಿದ್ದ. ಚಿಕ್ಕಬೋರಮ್ಮ ಒಪ್ಪಿದ್ದಳು, ಆದರೆ ಗೆರೆ ಎಳೆದೇ ಒಪ್ಪಿದ್ದಳು: “ಎಲ್ಡು ವರ್ಸ ಕಣಪ್ಪ. ಆಷಾಢ ಬಂದ್ಮ್ಯಾಕೆ ಒಂದಿನ ಜಾಸ್ತಿ ಕೇಳ್ಬ್ಯಾಡಿ.” ಈಗ ಆ ಆಷಾಢ ಕಣ್ಣೆದುರಿಗಿತ್ತು. ಅರ್ಪಿತಳಿಗೆ ಬಸುರಾಗಿ ಮೂರು ತಿಂಗಳಾಗಿತ್ತು. ಪಾಠಗಳು ಮುಗಿದು ಹಾಸ್ಟೆಲ್ ಬಿಟ್ಟಿದ್ದರಿಂದ, ಬೆಳಿಗ್ಗೆ ಹಾಲು ಕರೆದು, ಸಗಣಿ ಬಾಚಿ, ಆಮೇಲೆ ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಬರುತ್ತಿದ್ದಳು.

ಪ್ರಬಂಧ ಸಲ್ಲಿಸಿ ಡಿಗ್ರಿ ಕೈಗೆ ಬಂದರೆ ಅದೇ ಕಾಲೇಜಿನಲ್ಲಿ ಟ್ಯೂಟರ್ ಕೆಲಸ ಕೊಡುವುದಾಗಿ ಅವಳ ಗೈಡ್ ಮೇಡಂ ಮಾತು ಕೊಟ್ಟಿದ್ದರು. ಸಂತೋಷ್ ಅದಕ್ಕೆ ಅರೆಮನಸ್ಸಿನಲ್ಲಿ ಹೂಂ ಎಂದಿದ್ದ. ಮಗು ಸ್ವಲ್ಪ ದೊಡ್ಡದಾದ ಮೇಲೆ ಹೋಗುವೆಯಂತೆ ಎಂದಿದ್ದ. ಅರ್ಪಿತಳ ಪಾಲಿಗೆ ಇಡೀ ಜಗತ್ತು ಆ ಒಂದು ಹೂಂನಲ್ಲಿತ್ತು. ಡಿಗ್ರಿ ಇದ್ದರೆ ಆ ಮನೆಯಿಂದ ದಿನಾ ಹೊರಗೆ ಹೋಗಿ ಬರಲು ಒಂದು ದಾರಿ. ಇಲ್ಲದಿದ್ದರೆ ಕೊಟ್ಟಿಗೆಯಿಂದ ಒಲೆಗೆ, ಒಲೆಯಿಂದ ಕೊಟ್ಟಿಗೆಗೆ.

ಫಲಿತಾಂಶವೂ ಅವಳ ಕೈ ಹಿಡಿದಿತ್ತು. ವಯಸ್ಸು, ಓದು, ಊಟ ಎಲ್ಲವನ್ನೂ ಕಟ್ಟಿಹಾಕಿದ ಮೇಲೂ ನಾಗಮಂಗಲ ಎಂಬ ಸಾಲು ಮಾತ್ರ ಎದ್ದು ಕಾಣುತ್ತಿತ್ತು. ನಾಗಮಂಗಲದ ಊರು ಹೇಳಿದವರಿಗೆ ರಕ್ತಹೀನತೆಯ ಅಪಾಯ ಬೇರೆಯವರ ಎರಡರಷ್ಟು. ಗೈಡ್ ಮೇಡಂ ಹಿಗ್ಗಿ ಹೋದರು. “ನಾಲೆ ನೀರು ಇಲ್ಲದ ಒಣ ಸೀಮೆ ಅಲ್ವಾ, ಇರಲೇಬೇಕು!” ಎಂದರು. ಮೈಸೂರಿನ ಒಂದು ಸಮ್ಮೇಳನದಲ್ಲಿ ಅವಳಿಂದ ಪೋಸ್ಟರ್ ಹಾಕಿಸಿದರು. ಬಸುರಿಯರಿಗೆ ಪೌಷ್ಟಿಕ ಆಹಾರದ ಪೊಟ್ಟಣ ಹಂಚುವ ಯಾವುದೋ ಟ್ರಸ್ಟಿನವರು ಅದನ್ನು ನೋಡಿ, ಈ ಸಲ ಎಲ್ಲ ಪೊಟ್ಟಣವನ್ನೂ ನಾಗಮಂಗಲಕ್ಕೇ ಕೊಡುತ್ತೇವೆ ಎಂದರು. ಲೆಕ್ಕಕ್ಕೆ ಹೆದರುತ್ತಿದ್ದ ಹುಡುಗಿಗೆ ಇನ್ನೇನು ಬೇಕು? ಬೋರಯ್ಯ ಆ ಪೋಸ್ಟರಿನ ಫೋಟೋವನ್ನು ಕ್ಯಾತನಹಳ್ಳಿಯ ಅರ್ಧ ಊರಿಗೆ ವಾಟ್ಸಾಪ್ ಮಾಡಿದ.

ಎಡವಟ್ಟು ಗೊತ್ತಾದದ್ದು ಒಂದು ಭಾನುವಾರ. ಸೊಸೆ ಬಸುರಿ ಎಂದು ಕೇಳಿ ಚಿಕ್ಕಬೋರಮ್ಮನ ಸೋದರತ್ತೆ ದೊಡ್ಡತಾಯಮ್ಮ ಮಡಿಲಲ್ಲಿ ಹಣ್ಣು ಕಟ್ಟಿಕೊಂಡು ಬಂದಿದ್ದಳು. ಕಣ್ಣು ಮಂಜು. ಮದುವೆಗೂ ಬಂದಿರಲಿಲ್ಲ. ಅರ್ಪಿತ ಕಾಲಿಗೆ ಬಿದ್ದು ಕಾಫಿ ಕೊಟ್ಟಳು. ಮುದುಕಿ ಅವಳ ಗಲ್ಲ ಸವರಿ, “ನಿಮ್ಮೂರು ಯಾವ್ದವ್ವಾ?” ಎಂದಳು.

“ಕ್ಯಾತನಳ್ಳಿ ಕಣಜ್ಜಿ.”

ಬಾಯಿಂದ ತಾನಾಗಿ ಬಂದ ಮಾತು. ಚಿಕ್ಕಬೋರಮ್ಮ ಮೊರದಲ್ಲಿ ಅವರೆಕಾಳು ಕೇರುತ್ತಿದ್ದುದನ್ನು ಅಲ್ಲೇ ನಿಲ್ಲಿಸಿದಳು. “ಕೇಳ್ಕಂಡ್ಯಾ ಅತ್ತೆ? ಹಸೆಮಣೆ ಏರಿ ವರ್ಸದ ಮೇಲಾಯ್ತು, ಒಟ್ಟೇಲಿ ನಮ್ಮನೆ ಕೂಸದೆ, ಇನ್ನೂವೆ ಇವಳಿಗೆ ಕ್ಯಾತನಳ್ಳಿ ಊರಂತೆ! ನಾವೇನು ಇವಳ್ನ ಬಾಡ್ಗೆಗೆ ಇಟ್ಕಂಡಿದ್ದೀವಾ?”

“ಅಂಗಲ್ಲ ಅತ್ತೆ, ಬಾಯ್ತಪ್ಪಿ…” ಎನ್ನಹೋದ ಅರ್ಪಿತ ಅರ್ಧದಲ್ಲೇ ನಿಂತಳು. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಹೋದ ತಿಂಗಳು ತವರಿಗೆ ಹೋಗಿದ್ದಾಗ ಹೊಸ ಟೈಲರ್ ಇದೇ ಪ್ರಶ್ನೆ ಕೇಳಿದ್ದ. ಆಗ ಅವಳು ಅಷ್ಟೇ ಸಲೀಸಾಗಿ “ಮಾಕವಳ್ಳಿ” ಎಂದಿದ್ದಳು. ಗಂಡನ ಮನೆಯಲ್ಲಿ ನಿಂತಾಗ ತವರು ಊರು, ತವರಿನಲ್ಲಿ ನಿಂತಾಗ ಗಂಡನದು ಊರು. ಕೇಳುವವರೂ ಅದನ್ನೇ ಕೇಳುವುದು, ಎಲ್ಲಿಂದ ಬಂದವಳು ನೀನು ಎಂದು. ನಮ್ಮ ಕಡೆ ಮದುವೆಯಾದ ಯಾವ ಹೆಣ್ಣೂ ತಾನು ನಿಂತ ನೆಲವನ್ನು ತನ್ನೂರು ಎನ್ನುವುದಿಲ್ಲ.

ಹಾಗಾದರೆ ಆ ಹೆಂಗಸರೆಲ್ಲ ಹೇಳಿದ್ದು ಯಾವ ಊರು?

ದೊಡ್ಡತಾಯಮ್ಮ ಏನೋ ಸಮಾಧಾನ ಹೇಳುತ್ತಿದ್ದಳು, ಅತ್ತೆ ಇನ್ನೇನೋ ಸೇರಿಸುತ್ತಿದ್ದಳು, ಒಂದೂ ಕಿವಿಗೆ ಬೀಳಲಿಲ್ಲ. ಬಾಬುರಾಯನಕೊಪ್ಪಲಿನಲ್ಲಿ, ಪಾಂಡವಪುರದಲ್ಲಿ ಎಷ್ಟೊಂದು ಹುಡುಗಿಯರು ನಾಗಮಂಗಲದ ಊರುಗಳ ಹೆಸರು ಹೇಳಿದ್ದರು. ಬಾಣಂತನಕ್ಕೆ ತವರಿಗೆ ಬಂದಿರಬೇಕು ಎಂದುಕೊಂಡು, ಕೊಟ್ಟ ಊರನ್ನು ಹೇಳಿದರು ಎಂದು ಖುಷಿಯಿಂದ ಬರೆದುಕೊಂಡಿದ್ದಳು. ಆದರೆ ನಾಲೆ ಇರುವ ಕಡೆಯವರು ಹೆಣ್ಣು ತರುವುದೇ ಒಣ ಸೀಮೆಯಿಂದ. ನಾಗಮಂಗಲದವರಿಗೂ ಮಗಳನ್ನು ನೀರಿರುವ ಕಡೆ ಕೊಡಬೇಕೆಂಬ ಆಸೆ. ಹಾಗಿದ್ದ ಮೇಲೆ ಅವರು ತವರಿಗೆ ಬಂದವರಲ್ಲ. ನಾಲೆಯ ಬದಿಯ ಗಂಡನ ಮನೆಗಳಲ್ಲೇ ಉಳಿದವರು. ಮೊದಲ ಹೆರಿಗೆಗೂ ತವರು ಕಾಣದವರು.

ಮಾರನೆಯ ದಿನ ರವೀಂದ್ರ ಮೇಷ್ಟ್ರು ಅವಳ ಮಾತನ್ನು ಪೂರ್ತಿ ಕೇಳಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಆಮೇಲೆ ಮೆಲ್ಲಗೆ ನಗಲು ಶುರುಮಾಡಿದ.

“ನಮ್ಮವ್ವಂಗೂ ಇಂಗೇ ಕಣವ್ವ. ಅರವತ್ತಾದ್ರೂವೆ ಊರ್ಗೋಯ್ತೀನಿ ಅಂದ್ರೆ ತವರಿಗೇಯ. ಇದು ನನಗಾದ್ರೂ ಹೊಳೀಬೇಕಿತ್ತು.” ಬೋರ್ಡಿನ ಮೇಲೆ ಊರು ಎಂದು ಬರೆದು, ಅದನ್ನು ಒರೆಸಿ, ಎರಡು ಸಾಲು ಮಾಡಿದ. “ಇದು ಒಂದು ಚರ ಅಲ್ಲ, ಎಲ್ಡು. ಹುಟ್ಟಿದೂರು ಒಂದು, ಕೊಟ್ಟೂರು ಒಂದು. ಬಸುರೀಲಿ ಯಾವುದ್ರಲ್ಲಿ ಎಷ್ಟು ತಿಂಗ್ಳಿದ್ಲು ಅನ್ನೋದು ಸಿಕ್ಕಿದ್ರೆ ನಿಂದು ನಿಜವಾದ ಕೆಲ್ಸ ಆಯ್ತದೆ. ಫೋನ್ ನಂಬರ್ ಇದಾವಲ್ಲ? ಕೇಳು.”

ನಂಬರು ಇದ್ದವು. ಆದರೆ ಅವು ಆ ಹೆಂಗಸರ ನಂಬರುಗಳಲ್ಲ ಎನ್ನುವುದು ಫೋನ್ ಮಾಡಿದ ಮೇಲೆ ಗೊತ್ತಾಯಿತು. ಗಂಡಂದಿರವು, ಮಾವಂದಿರವು, ಮೈದುನರವು. ಅರ್ಪಿತ ಹಿತ್ತಿಲ ಹುಲ್ಲಿನ ಮೆದೆಯ ಮರೆಯಲ್ಲಿ ನಿಂತು ಕರೆ ಮಾಡುತ್ತಿದ್ದಳು. ಒಬ್ಬ ಗದ್ದೆಯಲ್ಲಿದ್ದೇನೆ ಎನ್ನುತ್ತಿದ್ದ. ಒಬ್ಬ, “ಯಾಕ್ ಬೇಕಿತ್ತು? ನಮ್ಮೆಂಡ್ರು ಬಾಣಂತನ ಕಟ್ಕಂಡು ನಿಮಗೇನು?” ಎಂದು ಕುಕ್ಕಿ ಇಟ್ಟ. ಎಷ್ಟೋ ಮನೆಯಲ್ಲಿ ಅತ್ತೆಯೇ ಫೋನ್ ಹಿಡಿದು, “ಏನ್ ಕೇಳ್ಬೇಕೋ ನನ್ನೇ ಕೇಳಿ, ನಾವ್ ಚೆಂದಾಗೇ ನೋಡ್ಕಂಡಿದ್ದೀವಿ” ಎಂದಳು. ಸೊಸೆಯ ಕೈಗೆ ಕೊಟ್ಟರೂ ಅಲ್ಲೇ ಪಕ್ಕದಲ್ಲಿ ನಿಂತು ಉಸಿರು ಬಿಡುವ ಸದ್ದು ಕೇಳುತ್ತಿತ್ತು.

ಎರಡು ದಿನ ಹೀಗೆ ಪೆಟ್ಟು ತಿಂದ ಮೇಲೆ ಅರ್ಪಿತ ಒಂದು ಉಪಾಯ ಕಲಿತಳು. ಹೂಂ, ಉಹೂಂ ಎಂದರೆ ಸಾಕು ಎನ್ನುವಂತೆ ಕೇಳುವುದು.

“ನಿಮ್ಮನ್ನ ಕೊಟ್ಟಿರೋದು ಪಾಂಡವಪುರದ ಕಡೆಗಾ?”

“ಹೂಂ.”

“ತವರಿಗೆ ಹೋಗಿದ್ದು ಏಳು ತುಂಬೋ ಮುಂಚೆನಾ?”

“ಉಹೂಂ.”

“ಒಂಬತ್ತು ತುಂಬಿದ ಮೇಲಾ?”

“ಉಹೂಂ.”

“ಹೋಗ್ಲೇ ಇಲ್ವಾ?”

“ಹೂಂ ಅಕ್ಕ.”

ಅವಳು ತನ್ನ ಕಡೆಯಿಂದ ಮಾತಾಡುತ್ತಿದ್ದುದೂ ಹೆಚ್ಚುಕಡಿಮೆ ಹಾಗೇ. ಚಿಕ್ಕಬೋರಮ್ಮ ಹುಲ್ಲು ಹಿರಿಯಲು ಬಂದರೆ ದನಿ ತಗ್ಗಿಸುವುದು, ದೂರ ಹೋದರೆ ಏರಿಸುವುದು. ಎರಡೂ ತುದಿಯಲ್ಲಿ ಇಬ್ಬರು ಸೊಸೆಯಂದಿರು ಪಿಸುಗುಟ್ಟಿಕೊಂಡು ವಿಜ್ಞಾನ ನಡೆಸುತ್ತಿದ್ದರು. ಇದನ್ನು ಸಂಶೋಧನಾ ವಿಧಾನದ ಯಾವ ಪುಸ್ತಕದಲ್ಲೂ ಬರೆದಿಲ್ಲ, ಬರೆದಿದ್ದರೆ ಆ ಪುಸ್ತಕಕ್ಕೊಂದು ಮಾನ ಬರುತ್ತಿತ್ತು.

ಎಲ್ಲರೂ ಸಿಗಲಿಲ್ಲ. ಸಿಕ್ಕಷ್ಟನ್ನು ಹಿಡಿದುಕೊಂಡು ಹೋಗಿ ರವೀಂದ್ರನ ಎದುರು ಕೂತು ಲೆಕ್ಕವನ್ನು ಮತ್ತೆ ಓಡಿಸಿದಳು. ನಾಗಮಂಗಲದ ಸಾಲು ನೆಲಕ್ಕೆ ಮಲಗಿತು. ನಾಲೆ, ಒಣ ಸೀಮೆ ಎಲ್ಲ ಮಲಗಿದವು. ಎಲ್ಲವನ್ನೂ ಕಟ್ಟಿಹಾಕಿದ ಮೇಲೂ ಓಡುತ್ತಿದ್ದದ್ದು ಒಂದೇ ಒಂದು: ಬಸುರಿನಲ್ಲಿ ತವರಲ್ಲಿ ಕಳೆದ ತಿಂಗಳುಗಳು. ತಿಂಗಳು ಹೆಚ್ಚಿದಂತೆ ರಕ್ತ ಹೆಚ್ಚು. ಓದು ಎಷ್ಟೇ ಇರಲಿ, ಮನೆಯಲ್ಲಿ ಎಷ್ಟೇ ಹಸು ಇರಲಿ. ತವರಿನಲ್ಲಿ ಮಲಗಿದ್ದವಳಿಗೆ ರಕ್ತವಿತ್ತು, ಗಂಡನ ಮನೆಯಲ್ಲಿ ಎದ್ದು ಓಡಾಡಿದವಳಿಗೆ ಇರಲಿಲ್ಲ.

“ಅರ್ಪಿತಾ,” ಎಂದ ರವೀಂದ್ರ. “ನಾನು ಇಷ್ಟು ವರ್ಷದಲ್ಲಿ ಎಷ್ಟೋ ಪ್ರಬಂಧಕ್ಕೆ ಲೆಕ್ಕ ಮಾಡಿಕೊಟ್ಟಿದ್ದೀನಿ. ಇದೊಂದರಲ್ಲಿ ಏನೋ ಇದೆ ಕಣವ್ವ.”

ಅವಳಿಗೆ ಅಳು ಬಂತು. ಖುಷಿಗೋ ಭಯಕ್ಕೋ ತಿಳಿಯಲಿಲ್ಲ, ಎರಡೂ ಇತ್ತು.

ಗೈಡ್ ಮೇಡಂ ಕೆಟ್ಟವರೇನಲ್ಲ. ಕನ್ನಡಕ ಸರಿಮಾಡಿಕೊಂಡು ಹೊಸ ಕೋಷ್ಟಕವನ್ನು ಎರಡು ಸಲ ಓದಿದರು. ಆಮೇಲೆ ಕಿಟಕಿಯ ಕಡೆ ತಿರುಗಿ ಮಾತಾಡಿದರು.

“ಚೆನ್ನಾಗಿದೆ. ಆದರೆ ಇದು ನಿನ್ನ ಉದ್ದೇಶಗಳಲ್ಲಿ ಇಲ್ಲ. ಒಪ್ಪಿಗೆ ಆಗಿರೋದು ನಾಲ್ಕು ತಾಲೂಕುಗಳ ಹೋಲಿಕೆಗೆ. ಫೋನಲ್ಲಿ ಮತ್ತೆ ಕೇಳಿದ್ದಕ್ಕೆ ನೈತಿಕ ಸಮಿತಿ ಅನುಮತಿ ಎಲ್ಲಿದೆ? ಇದನ್ನ ಹಾಕಬೇಕು ಅಂದ್ರೆ ಮತ್ತೆ ಸಮಿತಿ ಮುಂದೆ ಹೋಗಬೇಕು, ಆರು ತಿಂಗಳು ವಿಸ್ತರಣೆ ತಗೋಬೇಕು. ತಗೊಳ್ತೀಯ?”

“ಹಳೇದು ತಪ್ಪು ಅಂತ ಗೊತ್ತಾದ ಮೇಲೆ ಅದನ್ನೇ ಹೇಗೆ ಮೇಡಂ…”

“ತಪ್ಪಿಲ್ಲದ ಡೇಟಾ ಯಾರ ಹತ್ರ ಇದೆ ಹೇಳು? ‘ಮಿತಿಗಳು’ ಅಂತ ಒಂದು ಪ್ಯಾರಾ ಬರೀತೀವಲ್ಲ, ಅದರಲ್ಲಿ, ವಿಳಾಸದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇರಬಹುದು ಅಂತ ಹಾಕು. ಶುಕ್ರವಾರ ಕೊನೆ ದಿನ. ಹಳೇದು ತಂದರೆ ಅವತ್ತೇ ಸಹಿ ಹಾಕ್ತೀನಿ.”

ಅಲ್ಪಸ್ವಲ್ಪ! ಇಡೀ ಫಲಿತಾಂಶವೇ ತಲೆಕೆಳಗಾಗಿ ನಿಂತಿತ್ತು. ಪೊಟ್ಟಣಗಳೆಲ್ಲ ತವರಿನಲ್ಲಿ ಚೆನ್ನಾಗಿದ್ದವರ ಊರಿಗೆ ಹೋಗುತ್ತವೆ, ನಾಲೆಯ ಬದಿಯಲ್ಲಿ ಬಿಳಿಚಿಕೊಂಡು ಹಾಲು ಕರೆಯುತ್ತಿದ್ದವರಿಗೆ ಒಂದೂ ಸಿಗುವುದಿಲ್ಲ. ಅರ್ಪಿತ ಅದನ್ನೂ ಹೇಳಿದಳು. ಮೇಡಂ ಬಾಗಿಲ ತನಕ ಜೊತೆಗೆ ಬಂದು, “ನಿನ್ನ ಸ್ಥಿತಿ ನೋಡ್ಕೊಂಡು ಯೋಚನೆ ಮಾಡಮ್ಮ” ಎಂದರು. ಅದು ಪ್ರೀತಿಯಿಂದಲೇ ಹೇಳಿದ ಮಾತು.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಪಾಂಡವಪುರದಲ್ಲಿ ಇಳಿದು ಇನ್ನೊಂದು ಬಸ್ಸು ಕಾಯುವಾಗ ಕ್ಯಾತನಹಳ್ಳಿಯ ಬಸ್ಸೂ ಅಲ್ಲೇ ನಿಂತಿತ್ತು. ಹತ್ತಿ ಕೂತರೆ ಸ್ವಲ್ಪ ಹೊತ್ತಿನಲ್ಲಿ ಅವ್ವನ ಮನೆ. ಕಂಡಕ್ಟರು ಪರಿಚಯದವನು, “ಬತ್ತೀಯೇನವ್ವ?” ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಸಂಜೆಯ ಹಾಲು ಕರೆಯಬೇಕಿತ್ತು.

ಆರು ತಿಂಗಳ ಮಾತನ್ನು ಅವಳು ಕೊಟ್ಟಿಗೆಯಲ್ಲೇ ಎತ್ತಿದಳು. ಅತ್ತೆ ಒಂದು ಹಸುವಿನ ಕೆಳಗೆ ಕೂತಿದ್ದಳು, ಇವಳು ಇನ್ನೊಂದರ ಕೆಳಗೆ. ಸಂತೋಷ್ ಕ್ಯಾನು ತೊಳೆಯುತ್ತಿದ್ದ.

“ಆರು ತಿಂಗ್ಳು ಅಂದ್ರೆ ಹೆರಿಗೆ ಆಗೋಯ್ತದೆ ಕಣೆ,” ಎಂದ ಸಂತೋಷ್. ಸಿಟ್ಟಿಲ್ಲದೆ, ಲೆಕ್ಕ ಹೇಳುವವನ ಹಾಗೆ. “ಎಳೆಗೂಸು ಎತ್ಕಂಡು ಯಾವ ಕಮಿಟಿ ಮುಂದೆ ಓಯ್ತೀಯ? ಈಗ್ಲೇ ಮುಗ್ಸು. ಈಗ ಮುಗೀಲಿಲ್ಲ ಅಂದ್ರೆ ಮುಗ್ಯಾಕಿಲ್ಲ.”

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅದೇ ಅವಳ ಹೊಟ್ಟೆ ಉರಿಸಿತು.

“ಅಂತಾದ್ದೇನು ಕಂಡುಹಿಡ್ದೆ ಹೇಳವ್ವ, ಕೇಳ್ಮ,” ಎಂದಳು ಚಿಕ್ಕಬೋರಮ್ಮ, ಕೈ ನಿಲ್ಲಿಸದೆ.

ಅರ್ಪಿತ ಹೇಳಿಬಿಟ್ಟಳು. ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು, ಅತ್ತೆಯ ಮುಖ ಕಾಣದ ಧೈರ್ಯದಲ್ಲಿ ಹೇಳಿದಳು. ಬಸುರಿ ಹೆಂಗಸು ಗಂಡನ ಮನೆಯಲ್ಲಿ ಇದ್ದಷ್ಟು ದಿನ ಅವಳ ರಕ್ತ ಇಳಿಯುತ್ತದೆ, ತವರಿಗೆ ಹೋದಷ್ಟು ದಿನ ಏರುತ್ತದೆ, ಬೇರೆ ಯಾವುದೂ ಕಾರಣವಲ್ಲ ಎಂದು. ಸಂತೋಷನ ಕ್ಯಾನು ತೊಳೆಯುವ ಸದ್ದು ನಿಂತಿತು. ಈಗ ಬರುತ್ತದೆ ಬೈಗುಳ ಎಂದು ಅವಳು ಕಣ್ಣು ಮುಚ್ಚಿಕೊಂಡಳು.

“ನಿಜವೇ ಇರ್ಬೌದು ಕಣವ್ವ,” ಎಂದಳು ಚಿಕ್ಕಬೋರಮ್ಮ. ದನಿಯಲ್ಲಿ ಚುಚ್ಚು ಇರಲಿಲ್ಲ. “ನಂದು ಮೂರೂ ಈ ಕೊಟ್ಟಿಗೇಲೇ ಆದ್ವು ಅನ್ನು. ಇವನ್ನ ಎತ್ತಾಗ ಬೆಳಿಗ್ಗೆ ಹಾಲ್ ಕರ್ದು ಬಂದು ಮನಗಿದ್ದೆ. ಕಣ್ಕತ್ಲೆ ಬಂದು ಎಷ್ಟ್ ದಪ ಬಿದ್ದಿದ್ದೀನೋ. ಯಾರೂ ಕೇಳ್ನಿಲ್ಲ, ಯಾರೂ ಬರ್ಕಳ್ನಿಲ್ಲ.” ತುಂಬಿದ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. “ನಿಜವೇ. ಆದ್ರೆ ನೀನು ಐದು ತಿಂಗ್ಳಿಗೇ ಓಗಿ ಅಲ್ಲಿ ಕುಂತ್ಕಂಡ್ರೆ ಇವುನ್ನ ಕರಿಯೋರ್ಯಾರು ಹೇಳು? ನನ್ನ ಕೈಬೆಳ್ಳು ಮಡುಚ್ತಾ ಇಲ್ಲ. ಒಂಬತ್ತಕ್ಕೆ ಕಳುಸ್ತೀನಿ. ಅದೂ ನಿಮ್ಮಪ್ಪನ ಮಾತಿಗೆ.”

ಬೈದಿದ್ದರೆ ಜಗಳವಾಡಬಹುದಿತ್ತು. ಅತ್ತೆ ಅವಳ ಇಡೀ ಸಂಶೋಧನೆಯನ್ನು ಒಪ್ಪಿಕೊಂಡು, ಬಾಗಿಲನ್ನು ಮೆಲ್ಲಗೆ ಮುಚ್ಚಿದ್ದಳು. ಅರ್ಪಿತಳಿಗೆ ಎಲ್ಲಿ ತಳ್ಳಬೇಕು ಎಂದೇ ತಿಳಿಯಲಿಲ್ಲ. ಮೇಡಂ ಒಳ್ಳೆಯವರು, ಗಂಡ ಒಳ್ಳೆಯವನು, ಅತ್ತೆ ನಿಜ ಹೇಳಿದವಳು. ಇಷ್ಟೊಂದು ಒಳ್ಳೆಯ ಜನರ ನಡುವೆ ಉಸಿರು ಕಟ್ಟುವುದು ಹೇಗೆ ಎಂದು ಯಾರಿಗೆ ವಿವರಿಸುವುದು?

ಗುರುವಾರ ರವೀಂದ್ರ ಫೋನ್ ಮಾಡಿದ. ವಿಸ್ತರಣೆ ತಗೊ, ನಾನು ಸಮಿತಿಯವರ ಹತ್ತಿರ ಮಾತಾಡುತ್ತೇನೆ ಎಂದ. ಅವಳು ಆಗಲಿ ಸಾರ್ ಎಂದಳು. ಆಗಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಶುಕ್ರವಾರ ಅವಳು ಹಳೆಯ ಪ್ರಬಂಧವನ್ನೇ ರಟ್ಟು ಕಟ್ಟಿಸಿ ಸಲ್ಲಿಸಿದಳು. ‘ಮಿತಿಗಳು’ ಎನ್ನುವ ಭಾಗದಲ್ಲಿ ಮೇಡಂ ಹೇಳಿದ ಸಾಲು ಇತ್ತು. ಸಹಿ ಹಾಕುವಾಗ ಮೇಡಂ ಅವಳ ಭುಜ ತಟ್ಟಿ, ಟ್ಯೂಟರ್ ಹುದ್ದೆಗೆ ಅರ್ಜಿ ಹಾಕಲು ಮರೆಯಬೇಡ ಎಂದರು. ಹೊರಗೆ ವರಾಂಡದಲ್ಲಿ ಜೊತೆಯವರೆಲ್ಲ ಸೆಲ್ಫಿ ತೆಗೆದುಕೊಂಡರು. ಅವಳೂ ನಿಂತಳು. ಅಂಕಿಗಳಿಗೆ ಹೆದರುತ್ತಿದ್ದಾಗ ಇಲ್ಲದಿದ್ದ ಒಂದು ಅಸಹ್ಯ ಅವಳಿಗೆ ಈಗ ತನ್ನ ಮೇಲೇ ಆಯಿತು. ಲೆಕ್ಕ ಕೊನೆಗೂ ಅರ್ಥವಾಗಿತ್ತು, ಅರ್ಥವಾದ ಕೂಡಲೇ ಅದನ್ನು ಮಾರಿಕೊಂಡಿದ್ದಳು. ಮನೆಗೆ ಬಂದು, “ಮುಗೀತು ಅತ್ತೆ,” ಎಂದಳು. ಚಿಕ್ಕಬೋರಮ್ಮ ಪಾಯಸ ಮಾಡಿ ಬಡಿಸಿದಳು.

ಆಷಾಢ ಬಂದಿತ್ತು. ಒಂದು ಸಂಜೆ ಅವಳು ಕೊಟ್ಟಿಗೆಯಲ್ಲಿದ್ದಾಗ ಫೋನು ಸದ್ದು ಮಾಡಿತು. ಗೊತ್ತಿಲ್ಲದ ನಂಬರು. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಆ ಕಡೆ ಗಾಳಿಯ ಸದ್ದು, ಎಲ್ಲೋ ಟ್ರಾಕ್ಟರು.

“ಅಕ್ಕಾ, ಆಸ್ಪತ್ರೆ ಲೆಕ್ಕದವ್ರಾ ನೀವು? ಕೊಪ್ಪಲಲ್ಲಿ ಬಂದು ಕೇಳಿದ್ರಲ್ಲ. ನನ್ನೆಸ್ರು ಸ್ನೇಹ ಅಂತ. ನಮ್ಮನೇರ ಫೋನಿಗೆ ಮಾಡಿದ್ರಂತೆ, ಯಾರೂ ನಂಗೆ ಕೊಡ್ನಿಲ್ಲ. ಇವತ್ತು ನಂಬರ್ ಸಿಕ್ತು. ಇದು ನಮ್ಮ ಪಕ್ಕದ್ಮನೇರ ಫೋನು, ನಾಲೆ ತಾವ ಬಂದು ನಿಂತಿದ್ದೀನಿ.”

“ಹೇಳಿ,” ಎಂದಳು ಅರ್ಪಿತ.

“ನಮ್ಮೂರು ನಾಗಮಂಗ್ಲ ಅಂತ ಬರ್ಸಿದ್ದೆ ಅಕ್ಕ. ಅದು ನಮ್ಮವ್ವನ ಮನೆ. ನನ್ನ ಕೊಟ್ಟಿರಾದು ಇಲ್ಲಿಗೇಯ. ಅವ್ವ ಎಲ್ಡು ದಪ ಕರಿಯಾಕೆ ಬಂದಿದ್ಲು, ಕಳುಸ್ನಿಲ್ಲ. ಒಂಬತ್ತು ತಿಂಗ್ಳೂವೆ ಇಲ್ಲೇ ಇದ್ದೆ. ಕಬ್ಬಿನ ಸೋಗೆ ಒರ್ತಿದ್ದೆ ಅಕ್ಕ, ಎರೋ ದಿನದ ತಂಕ. ರಕ್ತ ಏರ್ಸುದ್ರು ಎಲ್ಡು ಬಾಟ್ಲು. ಇದ್ನೆಲ್ಲ ಯಾರ್ಗೂ ಏಳಿರ್ನಿಲ್ಲ. ನೀವು ಅದ್ನೇ ಕೇಳ್ತಿದ್ರಂತೆ ಅಂತ ಗೊತ್ತಾಯ್ತು. ಅದ್ಕೇ ಮಾಡ್ದೆ.” ಏದುಸಿರು ಬಿಡುತ್ತಿದ್ದಳು, ಓಡಿ ಬಂದಿದ್ದಳೋ ಏನೋ. “ಬರ್ಕಂಡ್ರಾ ಅಕ್ಕ?”

ಅರ್ಪಿತಳ ಎರಡೂ ಕೈ ಹಸುವಿನ ಕೆಚ್ಚಲಲ್ಲಿದ್ದವು.

“ಬರ್ಕೊಂಡೆ ಕಣವ್ವ,” ಎಂದಳು.